ಎಂಜಿನ್ ತಣ್ಣಗಿರುವಾಗಲೇ ಬರುವ ಪಂಡರಿ

"ಯಾರೂ ಕೀಲಿ ಮುಟ್ಟಬ್ಯಾಡ್ರಿ!"

ಬೈಕು ನಿಲ್ಲಿಸುವ ಮೊದಲೇ ಪಂಡರಿ ಕೂಗಿ ಹೇಳುತ್ತಾರೆ. ಕೊಹಿನೂರು ಎಂಬ ಹಳ್ಳಿಯ ಮನೆಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಡಿಸೆಂಬರಿನ ಚಳಿ ಬೆರಳುಗಳನ್ನು ಮರಗಟ್ಟಿಸುತ್ತಿದೆ. ರಸ್ತೆಬದಿಯ ದೀಪದ ಕಂಬದ ಕೆಳಗೆ ಹಳೆಯ ಬಿಳಿ ಡೀಸೆಲ್ ಕಾರೊಂದು ನಿಂತಿದೆ, ಗಾಜಿನ ತುಂಬ ಇಬ್ಬನಿ. ಕಾರಿನ ಒಡೆಯ, ಉತ್ತಮ ಎಂಬವರು, ಕಂಬಳಿ ಹೊದ್ದು ಪಕ್ಕದಲ್ಲಿ ಕಾಯುತ್ತಿದ್ದಾರೆ. ಪಂಡರಿ ಕಿವಿಗೆ ಸುತ್ತಿದ್ದ ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಬಾನೆಟ್ ಎತ್ತಿ, ಎಂಜಿನ್ನಿನ ಮೇಲೆ ಅಂಗೈ ಊರಿ, ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾರೆ.

"ಛಲೋ ಆಯ್ತು" ಎನ್ನುತ್ತಾರೆ. "ಕಲ್ಲಿನಂಗ ತಣ್ಣಗದ."

ಹುಮನಾಬಾದಿನ ಹೆದ್ದಾರಿ ಬದಿಯಲ್ಲಿ ತಗಡಿನ ಶೆಡ್ಡೊಂದರಲ್ಲಿ ಪಂಡರಿಯವರ ಗ್ಯಾರೇಜು. ಆದರೆ ಚಳಿಗಾಲದಲ್ಲಿ ಅವರ ಅರ್ಧ ಕೆಲಸ ನಡೆಯುವುದು ಹೀಗೆ ಊರೂರ ಅಂಗಳಗಳಲ್ಲಿ, ಅದೂ ಸೂರ್ಯ ಹುಟ್ಟುವ ಮೊದಲು. ಬೆಳಗಿನ ಚಳಿಗೆ ಸ್ಟಾರ್ಟ್ ಆಗದ ಹಳೆಯ ಗಾಡಿಯೆಂದು ಯಾರಾದರೂ ಫೋನ್ ಮಾಡಿದರೆ ಅವರು ಗಾಡಿಯನ್ನು ಗ್ಯಾರೇಜಿಗೆ ತರಿಸುವುದಿಲ್ಲ, ತಾವೇ ಹೋಗುತ್ತಾರೆ. ಸುತ್ತಲಿನ ಊರುಗಳಲ್ಲಿ ಈ ಪರಿಪಾಠ ಇಟ್ಟುಕೊಂಡ ಇನ್ನೊಬ್ಬ ಮೆಕ್ಯಾನಿಕ್ ನನಗೆ ಸಿಗಲಿಲ್ಲ.

"ಮುಂಜಾನಿ ಹೈರಾಣ ಮಾಡಿದ ಗಾಡಿ ಮಧ್ಯಾಹ್ನ ಗ್ಯಾರೇಜಿಗಿ ಬಂದ್ರ ಕೀಲಿ ತಿರುವಿದ ಕೂಡ್ಲೇ ಚಾಲೂ ಆಗ್ತದ್ರಿ. ಹಾದಿ ಹಿಡದು ಬಂದು ಬಿಸಿ ಆಗಿರ್ತದಲ್ಲ. ಆಗ ನಾ ಏನ್ ನೋಡ್ಲಿ? ಜ್ವರ ಇದ್ದಾಗ ನೋಡಬೇಕ್ರಿ. ಇಳದ ಮ್ಯಾಲ ನೋಡಿದ್ರ ಏನ್ ಸಿಗ್ತದ?"

ಉತ್ತಮ ಅವರ ಕಾರಿಗೂ ಹೀಗೇ ಆಗಿತ್ತು. ಒಂದು ಕಡೆ ಬ್ಯಾಟರಿ ಬದಲಿಸಿದರು. ಇನ್ನೊಂದು ಕಡೆ ಸ್ಟಾರ್ಟರ್ ಮೋಟಾರು ಬಿಚ್ಚಿ ಕಟ್ಟಿದರು. ಎರಡೂ ಕಡೆ ಹಗಲಿನಲ್ಲಿ ಕಾರು ಚೆನ್ನಾಗಿಯೇ ಓಡಿತು. ಬೆಳಗಾದರೆ ಮತ್ತೆ ಅದೇ ಗೋಳು.

ಈ ಕಾರು ಬೆಳಗ್ಗೆಯೇ ಹೊರಡಬೇಕಾಗಿರುವುದು ಯಾರಿಗಾಗಿಯೋ ಅವರು ಮನೆಯೊಳಗೆ ಒಲೆಯ ಮುಂದೆ ಕುಳಿತಿದ್ದಾರೆ. ಉತ್ತಮ ಅವರ ಪತ್ನಿ ಸುಗಂಧಾ ಅವರಿಗೆ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವರ ಪಾಳಿ ಬೆಳಗಿನ ಮೊದಲನೆಯದು. ಊರಿನ ಮೊದಲ ಬಸ್ಸು ಹಿಡಿದರೆ ಆ ಹೊತ್ತಿಗೆ ಮುಟ್ಟುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಹೊಲದ ಕೂಲಿಗೆ ಹೋಗುತ್ತಿದ್ದವರು, ಸ್ವಂತದ್ದೊಂದು ತುಂಡು ಭೂಮಿಯೂ ಇದೆ. ಉತ್ತಮ ಮೊದಲು ಬೇರೆಯವರ ಗಾಡಿ ಓಡಿಸಿದ್ದರು. ಹೆಂಡತಿಯ ಕಾಯಿಲೆ ತಿಳಿದ ವರ್ಷ, ಯಾರದೋ ಹಿತ್ತಲಲ್ಲಿ ನಿಂತಿದ್ದ ಈ ಕಾರನ್ನು ಕೊಂಡು ತಂದರು.

ಪಂಡರಿ ಬಂದ ಸದ್ದು ಕೇಳಿ ಸುಗಂಧಾ ಹೊರಬರುತ್ತಾರೆ. ಬಾಗಿಲಿನಿಂದ ಕಾಣುವ ಗೋಡೆಯ ಮೇಲೆ ಬುದ್ಧನ ಚಿತ್ರ, ಕೆಳಗೆ ಮೇಣದ ಬತ್ತಿ.

"ಜೈಭೀಮ್ ಅಣ್ಣಾರ. ಚಹಾ ಇಡ್ಲೇನ್ರಿ?"

"ಜೈಭೀಮ್ ತಂಗೀ. ಮೊದಲ ಗಾಡಿ, ಆಮ್ಯಾಲ ಚಹಾ."

ಪಂಡರಿ ಕಾರಿನ ಹಿಂದೆ ಹೋಗಿ ಸೈಲೆನ್ಸರ್ ಕೊಳವೆಯ ಬಳಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. "ಈಗ ತಿರುವ್ರಿ" ಎನ್ನುತ್ತಾರೆ. ಉತ್ತಮ ಕೀಲಿ ತಿರುಗಿಸುತ್ತಾರೆ. ಸ್ಟಾರ್ಟರ್ ಜೋರಾಗಿಯೇ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತಿಕೊಳ್ಳುವುದಿಲ್ಲ. ಕೊಳವೆಯಿಂದ ಕಣ್ಣು ಉರಿಸುವ ದಟ್ಟ ಬಿಳಿ ಹೊಗೆ ಬರುತ್ತದೆ. ಪಂಡರಿ ಕೆಮ್ಮುತ್ತ ಏಳುತ್ತಾರೆ, ಮುಖದಲ್ಲಿ ಮಾತ್ರ ಸಮಾಧಾನ. ಡೀಸೆಲ್ ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ, ಒಳಗಿನ ಬಿಸಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಬಿಸಿ ಸಾಲದೆಂದು ಒಂದೊಂದು ಸಿಲಿಂಡರಿಗೂ ಬೆರಳು ಗಾತ್ರದ ಹೀಟರ್ ಇಟ್ಟಿರುತ್ತಾರೆ. "ಬಿಳಿ ಹೊಗಿ ಬಂತಂದ್ರ ಡೀಸೆಲ್ ಒಳಗ ಹೋಗಾಕತ್ತದ, ಖರೆ ಸುಡಾವಲ್ದು. ಹೀಟರಿಗಿ ಕರೆಂಟ್ ಬರಾವಲ್ದು ಅನಸ್ತದ" ಎನ್ನುತ್ತ ಅವರು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿದ ತಮ್ಮ ಟೆಸ್ಟ್ ಲ್ಯಾಂಪ್ ತೆಗೆಯುತ್ತಾರೆ. ಹೀಟರಿನ ಮೇಲಿಟ್ಟರೆ ಬಲ್ಬು ಉರಿಯುವುದಿಲ್ಲ. ವೈರಿನ ಗುಂಟ ಬೆರಳಾಡಿಸುತ್ತ ಹೋದರೆ ಬ್ಯಾಟರಿಯ ಹಿಂದೆ, ಕತ್ತಲ ಮೂಲೆಯಲ್ಲಿ, ಇಲಿ ಕಡಿದ ಜಾಗ ಸಿಗುತ್ತದೆ.

ವೈರು ಜೋಡಿಸಿದ ಮೇಲೆ ಕಾರು ಒಂದೇ ಸಲಕ್ಕೆ ಚಾಲೂ ಆಗುತ್ತದೆ. ಉತ್ತಮ ನಗುತ್ತಾರೆ. ಸುಗಂಧಾ ಎಲ್ಲರಿಗೂ ಚಹಾ ತರುತ್ತಾರೆ. ತಮ್ಮ ಬಟ್ಟಲಿನಲ್ಲಿ ಎರಡೇ ಗುಟುಕು, ಹೆಚ್ಚು ನೀರು ಕುಡಿಯುವಂತಿಲ್ಲ. "ಆಯ್ತು, ಇನ್ನ ನಿಶ್ಚಿಂತಿ ಹೋಗಿ ಬರ್ರಿ" ಎಂದು ಹೇಳಿ ಪಂಡರಿ ಬೈಕು ಹತ್ತುತ್ತಾರೆ.

ಈ ಲೇಖನವನ್ನು ನಾನು ಇಲ್ಲಿಗೇ ಮುಗಿಸುವವನಿದ್ದೆ.

ಅದೇ ದಿನ ಮಧ್ಯಾಹ್ನ ಅವರ ಶೆಡ್ಡಿನಲ್ಲಿ ಕುಳಿತು ಅವರ ಕತೆ ಕೇಳುತ್ತಿದ್ದೆ. ಪಂಡರಿಯವರ ಊರು ಬೇಮಳಖೇಡ. ಈಗಲೂ ಅಲ್ಲಿಂದಲೇ ದಿನಾ ಹುಮನಾಬಾದಿಗೆ ಬಂದು ಹೋಗುತ್ತಾರೆ. ತಂದೆ ಕುರಿ ಮೇಯಿಸುತ್ತಿದ್ದರು. ಹುಡುಗನಾಗಿದ್ದಾಗ ಕುರಿ ಮಾರಲು ತಂದೆಯ ಜೊತೆ ಹುಮನಾಬಾದಿನ ಸಂತೆಗೆ ಬಂದಾಗ ದಾರಿಯಲ್ಲಿ ಕೆಟ್ಟು ನಿಂತಿದ್ದ ಲಾರಿಯೊಂದರ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಸಿರಾಜುದ್ದೀನ್ ಎಂಬ ಮೆಕ್ಯಾನಿಕ್‌ರನ್ನು ನೋಡಿದರಂತೆ. ಲಾರಿ ಗುಡುಗಿ ಎದ್ದದ್ದನ್ನು ಕಂಡ ಮೇಲೆ ಕುರಿಯ ಹಿಂದೆ ಹೋಗಲು ಮನಸ್ಸಾಗಲಿಲ್ಲ. ಬೇಡಿಕೊಂಡು ಅವರ ಬಳಿ ಕೆಲಸಕ್ಕೆ ಸೇರಿದರು. ಇಂದಿಗೂ ಅವರನ್ನು ಗುರುವೆಂಬ ಅರ್ಥದಲ್ಲಿ 'ಉಸ್ತಾದ್' ಎಂದೇ ಕರೆಯುತ್ತಾರೆ. ಉಸ್ತಾದ್ ತೀರಿಕೊಂಡು ಹಲವು ವರ್ಷಗಳಾದವು.

ಪಂಡರಿಯವರ ಬಲಗೈ ಮೊಣಕೈವರೆಗೂ ಸುಕ್ಕುಗಟ್ಟಿದೆ. ಚರ್ಮ ನುಣ್ಣಗೆ ಹೊಳೆಯುತ್ತದೆ, ಒಂದು ಕೂದಲೂ ಇಲ್ಲ. ಕೇಳಲು ಹಿಂಜರಿಯುತ್ತಿದ್ದೆ, ಅವರೇ ಹೇಳಿದರು. ಮದುವೆಯಾದ ಹೊಸದರಲ್ಲಿ ಒಂದು ಜನವರಿ ಮುಂಜಾನೆ ಮದುವೆ ದಿಬ್ಬಣದ ಜೀಪೊಂದು ಚಳಿಗೆ ಹಟ ಹಿಡಿದಿತ್ತು. ಪಂಡರಿ ಬಾನೆಟ್ಟಿನೊಳಗೆ ಬಗ್ಗಿದ್ದರು. ಮುಹೂರ್ತದ ಅವಸರದಲ್ಲಿದ್ದ ಯಾರೋ ಬೇಗ ಹತ್ತಿಕೊಳ್ಳಲೆಂದು ಗಾಳಿ ಹೋಗುವ ಕೊಳವೆಗೆ ಪೆಟ್ರೋಲ್ ಸುರಿದು ಕೀಲಿ ತಿರುಗಿಸಿದರು. ಬೆಂಕಿ ಹಿಂದಕ್ಕೆ ನುಗ್ಗಿತು.

"ಕೈ ಅಡ್ಡ ಹಿಡದೆ, ಅದಕ್ಕ ಮಾರಿ ಉಳೀತು" ಎನ್ನುತ್ತಾರೆ ಪಂಡರಿ.

ಊರಿನಿಂದ ಬಸ್ಸಿನಲ್ಲಿ ಮಧ್ಯಾಹ್ನದ ಬುತ್ತಿ ತಂದಿದ್ದ ಅವರ ಪತ್ನಿ ರುಕ್ಮಿಣಿಬಾಯಿ ಪಕ್ಕದಲ್ಲೇ ಕುಳಿತಿದ್ದರು. "ಮದಿವಿ ಆಗಿ ವರ್ಷ ತುಂಬಿದ್ದಿಲ್ರಿ. ನಾನ ರೊಟ್ಟಿ ಮುರದು ಬಾಯಾಗ ಇಡ್ತಿದ್ದೆ. ಎಲ್ಲಾರೂ ಅಂದ್ರು, ಇನ್ನ ಇವಗ ಕುರಿನೇ ಗತಿ ಅಂತ. ಇವರು ರಾತ್ರಿ ಗ್ವಾಡಿ ಕಡೆ ಮಾರಿ ಮಾಡಿ ಮಲಗೋರು."

ಅವರನ್ನು ಮತ್ತೆ ಗ್ಯಾರೇಜಿಗೆ ಕರೆದದ್ದು ಉಸ್ತಾದ್. ಕೈಗೆ ಇನ್ನೂ ಪಟ್ಟಿ ಸುತ್ತಿತ್ತು, ನಟ್ಟು ಬಿಚ್ಚುವ ಪಾನಾ ಹಿಡಿಯುವಂತಿರಲಿಲ್ಲ. "ಕೈ ಸುಟ್ಟದ, ಕಣ್ಣು ಕಿವಿ ಸುಟ್ಟಿಲ್ಲಲ್ಲ? ಬಾ, ಕೂಡು" ಎಂದರಂತೆ. ಬಂದ ಗಾಡಿಯ ಮುಂದೆ ಸ್ಟೂಲು ಹಾಕಿ ಕೂರಿಸುವುದು, ಬಾನೆಟ್ ತೆಗೆಯುವ ಮೊದಲೇ ಏನು ಕೆಟ್ಟಿದೆ ಹೇಳೆನ್ನುವುದು. ಸ್ಟಾರ್ಟರ್ ಎಷ್ಟು ಜೋರಾಗಿ ತಿರುಗುತ್ತದೆ, ಹೊಗೆ ಬಂತೇ ಇಲ್ಲವೇ, ಬಂದರೆ ಯಾವ ಬಣ್ಣ, ವಾಸನೆ ಹೇಗಿದೆ. ಪಂಡರಿ ಹೇಳಿದ್ದು ತಪ್ಪಾದರೆ ಉಸ್ತಾದ್ ನಗುತ್ತಿದ್ದರು. ಸರಿಯಾದ ದಿನ ತಮ್ಮ ಚಹಾದಲ್ಲಿ ಅರ್ಧ ಬಸಿದು ಕೊಡುತ್ತಿದ್ದರು. ಕೈ ವಾಸಿಯಾಗುವ ಹೊತ್ತಿಗೆ ಪಂಡರಿ ಬೇರೆಯೇ ಮೆಕ್ಯಾನಿಕ್ ಆಗಿದ್ದರು. "ಮೊದಲ ನಾ ಬಿಚ್ಚಿ ನೋಡೋ ಮನುಷ್ಯಾ. ಆಮ್ಯಾಲ ನೋಡಿ ಬಿಚ್ಚೋ ಮನುಷ್ಯಾ ಆದೆ" ಎಂದು ಅವರೇ ಹೇಳುತ್ತಾರೆ.

ಮಾಮೂಲಿ ದಿನಗಳಲ್ಲಿ ಅವರ ಶೆಡ್ಡಿಗೆ ಮೂರ್ನಾಲ್ಕು ಗಾಡಿಗಳು ಬರುತ್ತವೆ. ಹೆಚ್ಚಿನವು ಶೋರೂಮಿನವರು ಕೈಬಿಟ್ಟಂಥವು: ಹಾಲಿನ ಟೆಂಪೊ, ಶಾಲೆಯ ಮಕ್ಕಳನ್ನು ತುಂಬುವ ಹಳೆಯ ವ್ಯಾನು, ಕಬ್ಬಿನ ಕಾಲಕ್ಕೆ ದುಡಿಯುವ ಟ್ರ್ಯಾಕ್ಟರು. ಯಾರಾದರೂ ಪೆಟ್ರೋಲಿನ ಬಾಟಲಿ ಹಿಡಿದು ಎಂಜಿನ್ ಬಳಿ ಬಂದರೆ ಮಾತ್ರ ಈ ಮೆತ್ತನೆಯ ಮನುಷ್ಯ ರೇಗುತ್ತಾರೆ. ಶರ್ಟಿನ ತೋಳು ಮೇಲೆ ಸರಿಸಿ ಕೈ ತೋರಿಸುತ್ತಾರೆ. ಬಾಟಲಿ ತಂದವರು ಸುಮ್ಮನೆ ಹಿಂದೆ ಹೋಗುತ್ತಾರೆ.

ಕೊಹಿನೂರಿಗೆ ಹೋಗಿ ಬಂದು ಎರಡು ದಿನ ಕಳೆದ ಮೇಲೆ ಪಂಡರಿಯವರ ಫೋನು ಬಡಿದುಕೊಂಡಿತು. ನಾನು ಕೆಲವು ಫೋಟೊ ತೆಗೆಯಲು ಶೆಡ್ಡಿಗೆ ಹೋಗಿದ್ದೆ. ಉತ್ತಮ ಅವರ ದನಿ ಪಕ್ಕದಲ್ಲಿದ್ದ ನನಗೂ ಕೇಳುವಷ್ಟು ಏರಿತ್ತು.

"ಆಯ್ತು ಅಂದಿದ್ರಿ! ನಿಶ್ಚಿಂತಿ ಹೋಗ್ರಿ ಅಂದಿದ್ರಿ! ಇವತ್ತ ಮುಂಜಾನಿ ಗಾಡಿ ಎದ್ದೇ ಇಲ್ಲ. ಹಾಲಿನ ಟೆಂಪೊದಾಗ ಕೂಡಿಸ್ಕೊಂಡು ಹೋದೆ. ತಡಾ ಆಯ್ತು. ಆಕಿಗಿ ಮಷಿನ್ ಮ್ಯಾಲ ಪೂರಾ ಹೊತ್ತು ಸಿಗಲಿಲ್ಲ. ಕಾಲು ಬಾತಾವ, ಮಲಗಿದ್ರ ಉಸಿರು ಆಡಾವಲ್ದು. ನಾ ಏನ್ ಮಾಡ್ಲಿ ಹೇಳ್ರಿ?"

ಪಂಡರಿ ಯಾವ ಸಬೂಬನ್ನೂ ಹೇಳಲಿಲ್ಲ. "ನನ್ನ ತಪ್ಪದ. ನಾಳಿ ಮುಂಜಾನಿ ಬರ್ತೀನಿ. ಗಾಡಿ ದಿನಾ ಎಲ್ಲಿ ನಿಂದರ್ತದೋ ಅಲ್ಲೇ ಇರ್ಲಿ" ಎಂದಷ್ಟೇ ಅಂದರು. ರಿಪೇರಿಗೆ ಬಂದಿದ್ದ ವ್ಯಾನಿನವರು ಎರಡು ಸಲ ಕರೆದರೂ ಅವರಿಗೆ ಕೇಳಿಸಲಿಲ್ಲ. "ಗಾಡಿ ಕೆಟ್ಟಿದ್ದಕ್ಕ ಬ್ಯಾಸರಿಲ್ರಿ. ನನ್ನ ಮಾತು ನಂಬಿ ಆಕಿ ಬೇರೆ ಗಾಡಿಗಿ ಹೇಳಿಟ್ಟಿದ್ದಿಲ್ಲ" ಎಂದರು ಕೊನೆಗೆ.

ಮರುದಿನ ಮುಂಜಾವು ಕೊಹಿನೂರಿನಲ್ಲಿ ಉತ್ತಮ ನಮಸ್ಕಾರವನ್ನೂ ಹೇಳಲಿಲ್ಲ. ಕೀಲಿಯನ್ನು ಪಂಡರಿಯವರ ಕೈಗಿತ್ತು ದೂರ ಹೋಗಿ ನಿಂತರು. ಈ ಸಲ ಕಾರು ರಸ್ತೆಯಲ್ಲಿರಲಿಲ್ಲ. ಮನೆಯ ಪಕ್ಕದ ಏರು ಅಂಗಳದಲ್ಲಿ, ಮೂತಿ ಮೇಲಾಗಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಪಂಡರಿ ಬಾನೆಟ್ ತೆಗೆಯಲಿಲ್ಲ. ಕಾರನ್ನು ಒಂದು ಸುತ್ತು ಹಾಕಿದರು.

"ಗಾಡಿ ರಾತ್ರಿ ದಿನಾ ಇಲ್ಲೇ ಮಲಗ್ತದೇನ್ರಿ?"

"ಹೌದ್ರಿ. ದಿನಾ ಇಲ್ಲೇ."

"ಅವತ್ತ ರಸ್ತಿಮ್ಯಾಲ ಇತ್ತಲ್ಲ?"

"ನಿಮಗ ಬೆಳಕು ಇರ್ಲಿ ಅಂತ ಹಿಂದಿನ ದಿನಾ ಸಂಜಿಗೇ ತಂದು ಕಂಬದ ಕೆಳಗ ನಿಲ್ಲಿಸಿದ್ದೆ."

"ಇಲ್ಲಿ ಏರಿನಾಗ ಯಾಕ ನಿಲ್ಲಸ್ತೀರಿ?"

ಉತ್ತಮ ಸಿಟ್ಟಿನಲ್ಲೇ ಉತ್ತರಿಸಿದರು. "ಮುಂಜಾನಿ ಚಾಲೂ ಆಗಾವಲ್ದು ಅಂತಾನ ನಿಲ್ಲಸ್ತೀನ್ರಿ! ಕಲ್ಲು ತಗದ್ರ ಹಿಂದಕ್ಕ ಉರುಳ್ತದ, ಹಂಗಾರ ಹತ್ಕೋತದೇನೋ ಅಂತ."

ಪಂಡರಿ ಕೀಲಿಯನ್ನು ಉತ್ತಮ ಅವರಿಗೇ ಮರಳಿಸಿ ತಿರುಗಿಸಲು ಹೇಳಿ, ತಾವು ಹಿಂದೆ ಹೋಗಿ ಕುಳಿತರು. ಸ್ಟಾರ್ಟರ್ ತಿರುಗಿತು, ತಿರುಗಿತು. ಈ ಸಲ ಕೊಳವೆಯಿಂದ ಹೊಗೆಯ ಒಂದು ಎಳೆಯೂ ಬರಲಿಲ್ಲ. ಹೀಟರಿಗೆ ಕರೆಂಟ್ ಸರಿಯಾಗಿ ಬರುತ್ತಿತ್ತು, ಟೆಸ್ಟ್ ಲ್ಯಾಂಪ್ ಉರಿಯಿತು. ಹಾಗಾದರೆ ಒಳಗೆ ಡೀಸೆಲ್ಲೇ ಹೋಗುತ್ತಿಲ್ಲ. ಪಂಡರಿ ಡೀಸೆಲ್ ಫಿಲ್ಟರಿನ ಮೇಲಿರುವ ಕೈಪಂಪನ್ನು ಒತ್ತಿದರು. ಮೊದಮೊದಲು ಅದು ಗಾಳಿ ತುಂಬಿದ ಚೆಂಡಿನಂತೆ ಮೆತ್ತಗಿತ್ತು. ಒತ್ತುತ್ತ ಹೋದಂತೆ ಬಿಗಿಯಾಯಿತು. "ಈಗ ತಿರುವ್ರಿ" ಎಂದರು. ಕಾರು ಆ ಕ್ಷಣವೇ ಚಾಲೂ ಆಯಿತು.

"ಮೂತಿ ಮ್ಯಾಲ ಮಾಡಿ ನಿಲ್ಲಿಸಿದ್ರ ರಾತ್ರಿ ಪೈಪಿನಾಗಿನ ಡೀಸೆಲ್ ಹಿಂದ ಟ್ಯಾಂಕಿಗಿ ಇಳದು ಹೋಗ್ತದ. ಎಲ್ಲೋ ಗಾಳಿ ಸೇರಾಕತ್ತದ, ಅದಕ್ಕ ಇಳೀತದ. ಸಪಾಟ ಜಾಗಾದಾಗ ಅಷ್ಟು ಇಳಿಯಂಗಿಲ್ಲ. ಅದಕ್ಕ ಅವತ್ತ ನನಗ ಸಿಗಲಿಲ್ಲ" ಎಂದು ಪಂಡರಿ ವಿವರಿಸಿದರು. ಉತ್ತಮ ಹತ್ತಿರ ಬಂದರು. "ಅಂದ್ರ ಇಲಿ ಕಡದದ್ದು?" ಎಂದು ಕೇಳಿದರು.

"ಅದೂ ಖರೇನ. ಇದೂ ಖರೇನ. ಒಂದು ಗಾಡಿಗಿ ಎರಡು ರೋಗ ಇರಬಾರದು ಅಂತ ಎಲ್ಲದ? ಒಂದು ಸಿಕ್ಕ ಕೂಡ್ಲೇ ನಾ ಖುಷಿಯಾಗಿ ಎದ್ದು ಹೋದೆ. ಅಲ್ಲೇ ದಾರಿ ತಪ್ಪಿದ್ದು."

ಗಾಳಿ ಎಲ್ಲಿಂದ ಸೇರುತ್ತಿದೆ ಎಂದು ಹುಡುಕುವುದು ಸುಲಭವಿರಲಿಲ್ಲ. ಹೊರಗೆ ಸೋರಿದ್ದರೆ ನೆಲದ ಮೇಲೆ ಕಲೆ ಇರುತ್ತಿತ್ತು. ಇದು ಒಳಗೆ ಎಳೆದುಕೊಳ್ಳುವ ಸೀಳು, ನೆಲ ಒಣಗಿಯೇ ಇತ್ತು. ಪಂಡರಿ ಫಿಲ್ಟರಿಗೂ ಡೀಸೆಲ್ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಪೈಪು ಸೇರಿಸಿ ಎಂಜಿನ್ ಓಡಿಸಿದರು. ಪೈಪಿನೊಳಗೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಹರಿಯತೊಡಗಿದವು.

ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಬಂದಿದ್ದ ಸುಗಂಧಾ ಬಗ್ಗಿ ನೋಡಿದರು. "ನಮ್ಮ ಮಷಿನಿಗೂ ಹಿಂಗ ರಕ್ತದ ಪೈಪು ಇರ್ತಾವ್ರಿ ಅಣ್ಣಾರ. ಒಂದು ಗುಳ್ಳಿ ಬಂತಂದ್ರ ಅದು ಕಿಟಾರನ ಚೀರ್ತದ, ತಾನಾಗೇ ನಿಂದರ್ತದ. ನರ್ಸಬಾಯಿ ಓಡಿ ಬರ್ತಾಳ."

ಪಂಡರಿ ತಲೆಯೆತ್ತಿ ಅವರನ್ನು ನೋಡಿದರು. "ಈ ಬಡಪಾಯಿಗಿ ಚೀರಾಕ ಬರಂಗಿಲ್ಲ ತಂಗೀ. ಸುಮ್ಮ ನಿಂದರ್ತದ. ನಾವ ಬಂದು ನೋಡಬೇಕು."

ಆ ದಿನ ಪಂಡರಿ ಮೊದಲ ಬಾರಿ ನಕ್ಕದ್ದು ಆಗಲೇ. ಸುಗಂಧಾ ಅವರೂ ನಕ್ಕರು. ನಕ್ಕ ಆಯಾಸಕ್ಕೇ ಹೊಸ್ತಿಲ ಮೇಲೆ ಕುಳಿತರು.

ಹಿಂದಿನ ಟ್ಯಾಂಕಿನಿಂದ ಬರುವ ಕಬ್ಬಿಣದ ಕೊಳವೆ ಎಂಜಿನ್ನಿನ ಬಳಿ ರಬ್ಬರ್ ಪೈಪಿಗೆ ಸೇರುವಲ್ಲಿ ಒಂದು ಕ್ಲಿಪ್ ಇತ್ತು. ಅದನ್ನು ಬಿಚ್ಚಿದಾಗ ಕೆಳಗೆ ಉಗುರಿನಿಂದ ಗೀರಿದಂಥ ಸಣ್ಣ ಸೀಳು ಕಂಡಿತು. ಪಂಡರಿ ಆ ರಬ್ಬರ್ ಪೈಪನ್ನು ಉತ್ತಮ ಅವರ ಅಂಗೈ ಮೇಲಿಟ್ಟು ಬಗ್ಗಿಸಿ ತೋರಿಸಿದರು. ಚಳಿಗೆ ರಬ್ಬರು ಬಿಗಿದುಕೊಂಡಾಗ ಸೀಳು ಬಾಯಿ ತೆರೆಯುತ್ತದೆ, ಎಂಜಿನ್ ಬಿಸಿಯಾದ ಮೇಲೆ ರಬ್ಬರು ಮೆತ್ತಗಾಗಿ ಮುಚ್ಚಿಕೊಳ್ಳುತ್ತದೆ. ಬಿಸಿಯಾದ ಗಾಡಿಯಲ್ಲಿ ಇದು ಯಾರ ಕೈಗೂ ಸಿಗುವಂಥದ್ದಲ್ಲ. ಪಂಡರಿ ಬಸವಕಲ್ಯಾಣಕ್ಕೆ ಹೋಗಿ ಪೈಪು ತಂದರು. ಮೊದಲ ಅಂಗಡಿಯಲ್ಲಿ ಸಿಕ್ಕಿದ್ದು ತುಸು ಸಡಿಲವೆನಿಸಿತೆಂದು ಇನ್ನೆರಡು ಅಂಗಡಿ ತಿರುಗಿದರಂತೆ. ಹೊಸ ಪೈಪು ಹಾಕಿ, ಕ್ಲಿಪ್ ಬಿಗಿದು, ಗುಳ್ಳೆ ಪೂರ್ತಿ ನಿಂತಿತೆಂದು ಖಾತ್ರಿಯಾದ ಮೇಲೂ ಅವರು 'ಆಯ್ತು' ಎನ್ನಲಿಲ್ಲ. "ರಾತ್ರಿ ಗಾಡಿ ಇಲ್ಲೇ, ಹಿಂಗೇ, ಏರಿನಾಗ ನಿಂದರ್ಲಿ. ಮುಂದಿನ ಡಯಾಲಿಸಿಸ್ ಇರೋ ದಿನ ಮುಂಜಾನಿ ನಾ ಬರ್ತೀನಿ. ಖರೆ ಹಾಲಿನ ಟೆಂಪೊದವರಿಗಿ ಹೇಳಿ ಇಟ್ಟಿರ್ರಿ" ಎಂದರು.

ಡಯಾಲಿಸಿಸ್ ಇದ್ದ ಆ ಮುಂಜಾವು ಚಳಿ ಇನ್ನೂ ಹೆಚ್ಚಿತ್ತು. ಟೆಂಪೊದವರು ಬಂದು ರಸ್ತೆಯಲ್ಲಿ ಕಾಯುತ್ತಿದ್ದರು. ಪಂಡರಿ ಎಂದಿನಂತೆ ಎಂಜಿನ್ ಮುಟ್ಟಿ ನೋಡಿ, ಬಾನೆಟ್ ಮುಚ್ಚಿದರು. ಶಾಲು ಸುತ್ತಿಕೊಂಡು ಬಂದ ಸುಗಂಧಾ ಹಿಂದಿನ ಸೀಟಿನತ್ತ ಹೋಗುತ್ತಿದ್ದರು.

"ತಂಗೀ, ಇವತ್ತ ನೀವ ತಿರುವ್ರಿ" ಎಂದರು ಪಂಡರಿ.

"ನಾನಾ? ನನಗೇನ್ ಬರ್ತದ್ರಿ?"

"ಅಲ್ಲಿ ಕೆಂಪು ದೀಪ ಹತ್ತತದ. ಅದು ಆರೋತನ ಕಾಯಬೇಕು. ಆರಿದ ಮ್ಯಾಲ ಪೂರಾ ತಿರುವಬೇಕು. ಅಷ್ಟ."

ಸುಗಂಧಾ ಗಂಡನ ಮುಖ ನೋಡಿದರು. ಉತ್ತಮ ಗೇರು ತಪ್ಪಿಸಿ, ಬಾಗಿಲು ತೆರೆದು ಹಿಡಿದರು. ಸುಗಂಧಾ ಚಾಲಕನ ಸೀಟಿನಲ್ಲಿ ಕುಳಿತು, ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ಎಡತೋಳನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಿಂದ ಕೀಲಿ ಹಿಡಿದರು. ದೀಪ ಹತ್ತಿತು. ದೀಪ ಆರಿತು. ಸುಗಂಧಾ ಕೀಲಿ ತಿರುಗಿಸಿದರು.

ಕಾರು ಒಮ್ಮೆ ನಡುಗಿ, ಗಂಟಲು ಸರಿಮಾಡಿಕೊಂಡಂತೆ ಗುರುಗುಟ್ಟಿ, ಸಮನಾಗಿ ಓಡತೊಡಗಿತು. ಸುಗಂಧಾ ಬೆಚ್ಚಿ ಕೈ ಹಿಂದೆಳೆದುಕೊಂಡರು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕರು, ಕಣ್ಣಲ್ಲಿ ನೀರಿತ್ತು. ಟೆಂಪೊದವರು ಹಾರ್ನ್ ಒತ್ತಿ, ಕೈ ಬೀಸಿ ಹೊರಟುಹೋದರು. ಉತ್ತಮ ಪಂಡರಿಯವರ ಬಳಿ ಬಂದರು. ಪಂಡರಿಯೇ ಅವರ ಹೆಗಲು ತಟ್ಟಿದರು. "ಮೊದಲ ನಡೀರಿ. ತಡಾ ಮಾಡಬ್ಯಾಡ್ರಿ."

ಕಾರು ಹೋದ ಮೇಲೆ ನಾವಿಬ್ಬರೂ ಊರಿನ ಚಹಾದಂಗಡಿಯಲ್ಲಿ ಕುಳಿತೆವು. ಈ ಮೂರೂ ಮುಂಜಾವು ಅವರು ಮನೆ ಬಿಟ್ಟದ್ದು ಕೋಳಿ ಕೂಗುವ ಮೊದಲು. ಅರವತ್ತರ ಹತ್ತಿರ ಬಂದ ಮೈ. ಸುಟ್ಟ ಕೈ ಚಳಿಗೆ ಬಿಗಿಯುತ್ತದೆಂದು ಬಿಸಿ ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹೊರಳಿಸುತ್ತಿದ್ದರು. ಇಷ್ಟು ವರ್ಷ ದುಡಿದಿದ್ದೀರಿ, ಇನ್ನೇನು ಆಸೆಯಿದೆ ಎಂದು ಕೇಳಿದೆ. ಊರಲ್ಲೊಂದು ಸನ್ಮಾನ, ಶೆಡ್ಡಿಗೊಂದು ಪಕ್ಕಾ ಚಾವಣಿ, ಇಂಥದ್ದೇನಾದರೂ ಹೇಳಬಹುದೆಂದುಕೊಂಡಿದ್ದೆ.

"ಅವರ ಮನಿಯಿಂದ ನನಗ ಇನ್ನ ಫೋನ್ ಬರಬಾರದ್ರಿ. ಅಷ್ಟ ನನ್ನ ಆಸೆ. ಮೆಕ್ಯಾನಿಕ್‌ನ ಮರತಾರ ಅಂದ್ರ ಗಾಡಿ ಛಲೋ ನಡದದ ಅಂತ ಅರ್ಥ" ಎಂದರು.

ತಾಸು ಕಳೆದು ಎರಡನೇ ಚಹಾ ಬರುವಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಸರು ನೋಡಿ ಪಂಡರಿಯವರ ಮುಖದ ಬಣ್ಣ ಇಳಿಯಿತು. ಕಿವಿಗಿಟ್ಟುಕೊಂಡು, ಎದ್ದು ನಿಂತೇಬಿಟ್ಟರು.

"ಹೇಳ್ರಿ, ಏನಾಯ್ತು?"

ಆ ಕಡೆಯಿಂದ ಉತ್ತಮ ಕೂಗಿ ಹೇಳುತ್ತಿದ್ದದ್ದು ಅಂಗಡಿಯವರಿಗೂ ಕೇಳಿಸಿತು. "ಮುಟ್ಟೀವ್ರಿ ಉಸ್ತಾದ್! ಟೈಮಿಗಿ ಮುಟ್ಟೀವಿ. ಮಷಿನ್ ಹಚ್ಯಾರ. ನಿಮಗ ಹೇಳಂತ ಆಕಿನ ಅಂದಳು."

ಪಂಡರಿ ಮೆಲ್ಲಗೆ ಕುಳಿತರು. ಫೋನನ್ನು ಅಂಗಿಯ ತುದಿಯಿಂದ ಒರೆಸಿ ಜೇಬಿಗಿಟ್ಟರು. ತಮ್ಮನ್ನು ಉಸ್ತಾದ್ ಎಂದು ಕರೆದದ್ದು ಅವರಿಗೆ ಕೇಳಿಸಿತ್ತು. ಚಹಾ ಆರುತ್ತಿದೆ ಎಂದು ನನ್ನ ಗ್ಲಾಸನ್ನು ಮುಂದೆ ಸರಿಸಿದರು.

"ಇಂಥಾ ಫೋನ್ ಬಂದ್ರ ಅಡ್ಡಿಯಿಲ್ಲ ಬಿಡ್ರಿ" ಎಂದರು.